8 ಜಿಬಿ ಇಮೇಜ್ ಫೈಲ್ 4 ಜಿಬಿಗೇ ಯಾಕೆ ನಿಲ್ಲುತ್ತದೆ?

ಪೆನ್ ಡ್ರೈವ್ ಡೂಪ್ಲಿಕೇಟ್ ಅಲ್ಲ ಮಾರಾಯ್ರೆ, ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗಬೇಡಿ. 32 ಜಿಬಿಯಲ್ಲಿ ಉಬುಂಟು (ಪೆನ್ ಡ್ರೈವ್‌ನಿಂದಲೇ ಓಡುವ ಲಿನಕ್ಸ್) ಕೂತಿದೆ, 20 ಜಿಬಿಗಿಂತ ಹೆಚ್ಚು ಖಾಲಿ, ಆದರೂ 8 ಜಿಬಿಯ ‘ಕ್ಯಾಸ್ಪರ್-ಆರ್‌ಡಬ್ಲ್ಯೂ’ (ನೀವು ಮಾಡಿದ ಬದಲಾವಣೆಗಳನ್ನು ಉಬುಂಟು ಉಳಿಸಿಡುವ ಇಮೇಜ್ ಫೈಲ್) ಮಾಡುವಾಗ ಡಿಡಿ (ಡೇಟಾ ನಕಲಿಸುವ ಲಿನಕ್ಸ್ ಕಮಾಂಡ್) ‘ಫೈಲ್ ಟೂ ಲಾರ್ಜ್’ ಅನ್ನುತ್ತದೆ, ಅಲ್ಲವೇ? ಇದೇ ಎರರ್ ನೋಡಿ ನಾನು ಡೊಂಬಿವಲಿಯಿಂದ ಲೋಕಲ್ ಹಿಡಿದು ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಇನ್ನೊಂದು 32 ಜಿಬಿ ತಂದವನು. ಅದೂ ಅಲ್ಲಿಗೇ ನಿಂತಿತು.

ಖಾಲಿ ಜಾಗ ನೋಡಿದೆ, ಫೈಲ್‌ಸಿಸ್ಟಮ್ (ಡ್ರೈವ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ) ನೋಡಲಿಲ್ಲ. ಡ್ರೈವ್‌ನಲ್ಲಿ ಎಷ್ಟು ಜಾಗವಿದೆ ಎಂಬುದು ಬೇರೆ, ಒಂದೇ ಫೈಲ್ ಎಷ್ಟು ಬೆಳೆಯಬಹುದು ಎಂಬುದು ಬೇರೆ. ಈ ಡ್ರೈವ್‌ನ ಫೈಲ್‌ಸಿಸ್ಟಮ್ ಆದ ಫ್ಯಾಟ್32 ಪ್ರತಿ ಫೈಲಿನ ಗಾತ್ರವನ್ನು 32 ಬಿಟ್‌ಗಳಲ್ಲಿ ಬರೆದಿಡುತ್ತದೆ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 4294967295, ಅಂದರೆ 4 ಜಿಬಿಗೆ ಒಂದು ಬೈಟ್ ಕಮ್ಮಿ. ಡಿಡಿ ಕೊನೆಗೆ ತೋರಿಸಿದ ಬೈಟ್ ಲೆಕ್ಕ ಓದಿ, ಇದೇ ಅಂಕಿ ಇರುತ್ತದೆ. 32 ಜಿಬಿವರೆಗಿನ ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್32 ಆಗಿಯೇ ಬರುತ್ತವೆ, ಹಾಗಾಗಿ ಅದೇ ಸೈಜಿನ ಎಷ್ಟು ಡ್ರೈವ್ ತಂದರೂ ಅಷ್ಟೇ. ಜಾಗ ನಿಜವಾಗಿ ಮುಗಿದರೆ ಬರುವ ಎರರ್ ‘ನೋ ಸ್ಪೇಸ್ ಲೆಫ್ಟ್’. ಡೂಪ್ಲಿಕೇಟ್ ಡ್ರೈವ್ ಅಂತೂ ಎಲ್ಲ ಬರೆದುಕೊಂಡಂತೆ ನಟಿಸಿ, ಓದುವಾಗ ಕೈಕೊಡುತ್ತದೆ.

ಫೈಲೇ ಬೇಕೆಂದರೆ ಡಿಡಿಗೆ ಬಿಎಸ್ 1ಎಂ (ಒಂದು ತುಂಡಿನ ಗಾತ್ರ 1 ಎಂಬಿ), ಕೌಂಟ್ 4095 (ಅಂಥ ತುಂಡುಗಳ ಸಂಖ್ಯೆ) ಕೊಡಿ. 4096 ಬೇಡ, ಆ ಒಂದು ಬೈಟಿಗೆ ಸಿಕ್ಕಿಬೀಳುತ್ತೀರಿ. ಆಮೇಲೆ ಎಂಕೆಎಫ್‌ಎಸ್‌ನಿಂದ (ಫೈಲ್‌ಸಿಸ್ಟಮ್ ಸೃಷ್ಟಿಸುವ ಕಮಾಂಡ್) ಆ ಫೈಲಿನೊಳಗೇ ಲಿನಕ್ಸ್‌ನ ಫೈಲ್‌ಸಿಸ್ಟಮ್ ಆದ ಇಎಕ್ಸ್‌ಟಿ4 ಮಾಡಿ. ‘ಇದು ಬ್ಲಾಕ್ ಡಿವೈಸ್ ಅಲ್ಲ, ಮುಂದುವರಿಯಲೇ?’ ಎಂದು ಕೇಳಿದರೆ ಹೆದರದೆ ‘ವೈ’ ಒತ್ತಿ. ಡಿಡಿಯ ‘ಆಫ್’ (ಎಲ್ಲಿಗೆ ಬರೆಯಬೇಕು ಎಂಬ) ಜಾಗದಲ್ಲಿ ಮಾತ್ರ ಫೈಲಿನ ಪೂರ್ತಿ ಪಾತ್ ಇರಲಿ; ಅಲ್ಲಿ ಡ್ರೈವ್‌ನ ಹೆಸರು ಬಿತ್ತೋ, ಉಬುಂಟು ಸಮೇತ ಎಲ್ಲ ಸೊನ್ನೆ.

ಆದರೆ ನನ್ನನ್ನು ಕೇಳಿದರೆ, ಈ ಫೈಲಿನ ಸಹವಾಸವೇ ಬೇಡ. ಪೆನ್ ಡ್ರೈವ್‌ನಲ್ಲೇ ಎರಡನೇ ಪಾರ್ಟಿಷನ್ (ಡ್ರೈವ್‌ನ ಪ್ರತ್ಯೇಕ ಭಾಗ) ಮಾಡಿ, 4 ಜಿಬಿಯ ತಂಟೆಯೇ ಇರುವುದಿಲ್ಲ. ಬೇರೆ ಲಿನಕ್ಸ್ ಯಂತ್ರಕ್ಕೆ ಚುಚ್ಚಿ, ಅನ್‌ಮೌಂಟ್ ಮಾಡಿ, ಜಿಪಾರ್ಟೆಡ್‌ನಲ್ಲಿ (ಪಾರ್ಟಿಷನ್ ಬದಲಿಸುವ ಪ್ರೋಗ್ರಾಂ) ಫ್ಯಾಟ್32 ಭಾಗ ಕುಗ್ಗಿಸಿ. ಅದೇ ಡ್ರೈವ್‌ನಿಂದ ಬೂಟ್ ಆಗಿದ್ದಾಗ ಇದು ಆಗದು. ಉಳಿದ ಜಾಗಕ್ಕೆ ಇಎಕ್ಸ್‌ಟಿ4 ಹಾಕಿ. ಆ ಪಾರ್ಟಿಷನ್‌ಗೆ ಕೊಡುವ ಹೆಸರು, ಅಂದರೆ ಲೇಬಲ್, ತಪ್ಪಿದರೆ ಉಬುಂಟು ಅದನ್ನು ತಿರುಗಿಯೂ ನೋಡುವುದಿಲ್ಲ: ಆವೃತ್ತಿ 20.04 ಮತ್ತು ಆಮೇಲಿನವಕ್ಕೆ ‘ರೈಟಬಲ್’, 18.04ಕ್ಕೆ ‘ಕ್ಯಾಸ್ಪರ್-ಆರ್‌ಡಬ್ಲ್ಯೂ’, ಎಲ್ಲ ಸಣ್ಣಕ್ಷರ. ಇಎಕ್ಸ್‌ಟಿ4 ರೂಟ್‌ಗೆಂದು (ಸಿಸ್ಟಮ್‌ನ ಅಡ್ಮಿನ್ ಖಾತೆಗೆ) ಶೇ. 5 ಜಾಗ ಎತ್ತಿಡುತ್ತದೆ, 8 ಜಿಬಿಗೆ ಸುಮಾರು 400 ಎಂಬಿ. ಎಂಕೆಎಫ್‌ಎಸ್‌ನಿಂದ ಮಾಡುವಾಗ ‘-ಎಂ 0’ ಕೊಟ್ಟರೆ ಅದೂ ನಿಮಗೇ. ಬೂಟ್ ಆಗುವಾಗಿನ ಕಮಾಂಡ್ ಸಾಲಿನಲ್ಲಿ ‘ಪರ್ಸಿಸ್ಟೆಂಟ್’ ಪದ ಸೇರಿಸಿ.

ಡ್ರೈವ್ ಕೀಳುವ ಮುಂಚೆ ಟರ್ಮಿನಲ್‌ನಲ್ಲಿ ‘ಸಿಂಕ್’ ಕಮಾಂಡ್ ಹೊಡೆಯಿರಿ. ಪರದೆಯಲ್ಲಿ ಮುಗಿದಂತೆ ಕಂಡರೂ ಬರೆಯಬೇಕಾದ್ದು ಇನ್ನೂ ರ್‍ಯಾಮ್‌ನಲ್ಲೇ ಕೂತಿರಬಹುದು. ಪ್ರಾಂಪ್ಟ್ ವಾಪಸ್ ಬರಲು ಐದು ನಿಮಿಷ ಹಿಡಿದರೂ ಕೈ ಹಾಕಬೇಡಿ.