ಕೇಳಿದ್ದನ್ನೇ ತಿರುಗಿ ಹೇಳಿದರೆ ತಂಗಿಗೆ ಸಿಟ್ಟು ಯಾಕೆ?

ಬಹುಶಃ ನೀವು ತಂಗಿಯ ಪದಗಳನ್ನಷ್ಟೇ ಹಿಡಿಯುತ್ತಿದ್ದೀರಿ, ಅದರ ಹಿಂದಿನ ಸಂಕಟ ಕೈತಪ್ಪುತ್ತಿದೆ. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಹೇಳಿದಂತೆ ಗಮನವಿಟ್ಟು ಕೇಳಿ, ಕೇಳಿದ್ದನ್ನು ತಿರುಗಿ ಹೇಳಿದರೂ ಅವಳು ‘ಗಿಳಿಪಾಠ ಒಪ್ಪಿಸಬೇಡ’ ಅಂದಿದ್ದು ಅದಕ್ಕೇ. ಕೌನ್ಸೆಲಿಂಗ್ ಕಲಿಯುವಾಗ ನನಗೂ ಹೀಗೇ ಆಗಿತ್ತು.

ಮೊದಲು ಅವಳು ಪೂರ್ತಿ ಹೇಳಲಿ. ಎರಡು ಉಸಿರು ಸುಮ್ನೆ ಇರಿ. ‘ಆಫೀಸಲ್ಲಿ ನನ್ನ ಮಾತು ಯಾರೂ ಕೇಳಲ್ಲ’ ಅಂದರೆ, ‘ನೀನು ಲೆಕ್ಕಕ್ಕೇ ಇಲ್ಲ ಅನ್ನಿಸ್ತಿದೆ, ಅಲ್ವಾ?’ ಅಂತ ಕೇಳಿ. ‘ಇಲ್ಲ, ಸಿಟ್ಟು ಬರ್ತಿದೆ’ ಅಂದರೆ ಇನ್ನೂ ಒಳ್ಳೆಯದು. ಆ ಸಿಟ್ಟಿನ ಬಗ್ಗೆಯೇ ಕೇಳಿ. ಸಲಹೆ ಆಮೇಲೆ, ಅದೂ ಅವಳಾಗಿ ಕೇಳಿದರೆ.

ಕೌನ್ಸೆಲಿಂಗ್‌ನಿಂದ ಮನಸ್ಸಿನಲ್ಲಿ ಬದಲಾವಣೆ ಬರಬೇಕಾದರೆ ಏನೇನಿರಬೇಕು ಅಂತ ರೋಜರ್ಸ್ 1957ರಲ್ಲಿ ಬರೆದ ಷರತ್ತುಗಳಲ್ಲಿ ಕೇಳುವವರ ಪ್ರಾಮಾಣಿಕತೆಯೂ ಒಂದು. ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಮನೆಯವರ ಜೊತೆ ಇದು ಒಂದೇ ದಿನಕ್ಕೆ ಕೂಡಿಬರದಿರಬಹುದು. ಅರ್ಥವಾಗದಿದ್ದಾಗ ನಟಿಸಬೇಡಿ, ‘ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಹೇಳು’ ಅನ್ನಿ.