ಹಣ ಪಡೆಯಲು ಪಿನ್ ಬೇಕಿಲ್ಲ

ಪ್ರಶ್ನೆ: ಬೀದರಿನ ಚೌಬಾರಾ ಸಮೀಪ ನಮ್ಮದೊಂದು ಬಿದ್ರಿ ಸಾಮಾನಿನ ಚಿಕ್ಕ ಅಂಗಡಿಯಿದೆ. ಕೆಲವು ದಿನಗಳ ಹಿಂದೆ ವಾಯುಪಡೆಯ ಅಧಿಕಾರಿಯೆಂದು ಹೇಳಿಕೊಂಡ ಒಬ್ಬರು ಫೋನ್ ಮಾಡಿ, ಬೀಳ್ಕೊಡುಗೆ ಸಮಾರಂಭಕ್ಕೆ ಇಪ್ಪತ್ತು ಹೂದಾನಿಗಳು ಬೇಕೆಂದರು. ವಾಟ್ಸ್ಆ್ಯಪ್‌ನಲ್ಲಿ ಗುರುತಿನ ಚೀಟಿಯ ಫೋಟೊ ಕಳಿಸಿದರು. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, ಅದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಮುಂಗಡ ಹಣ ನಮಗೆ ಬರುತ್ತದೆ ಎಂದರು. ಅಂಗಡಿಯಲ್ಲಿದ್ದ ಮಗ ಹಾಗೆಯೇ ಮಾಡಿದ. ಎರಡು ಸಲಕ್ಕೆ 38,000 ರೂಪಾಯಿ ಹೋಯಿತು. ಪಿನ್ ಹಾಕಿದವರು ನೀವೇ ಎಂದು ಬ್ಯಾಂಕಿನವರು ಹೇಳುತ್ತಾರೆ. ಹಣ ಮರಳಿ ಸಿಗುವುದೇ? ಮಗ ಅಂದಿನಿಂದ ಅಂಗಡಿಗೆ ಬರಲು ಹಿಂಜರಿಯುತ್ತಿದ್ದಾನೆ.
— ಓದುಗರು, ಬೀದರ್

ಉತ್ತರ: ನೀವಿನ್ನೂ ದೂರು ಕೊಟ್ಟಿರದಿದ್ದರೆ ಪತ್ರಿಕೆಯನ್ನು ಪಕ್ಕಕ್ಕಿಟ್ಟು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆ ದೂರು ದಾಖಲಾದೊಡನೆ, ನಿಮ್ಮ ಹಣ ಯಾವ ಖಾತೆಗೆ ಹೋಯಿತೋ, ಅಲ್ಲಿಂದ ಮತ್ತೆ ಯಾವ ಖಾತೆಗಳಿಗೆ ಹರಿಯಿತೋ ಆ ಬ್ಯಾಂಕುಗಳಿಗೆಲ್ಲ ಸೂಚನೆ ತಲುಪುತ್ತದೆ; ಅಲ್ಲಿ ಉಳಿದಿರುವಷ್ಟು ಹಣವನ್ನು ತಡೆಹಿಡಿಯುತ್ತಾರೆ. ಯಾರೋ ಅದನ್ನು ಎಟಿಎಂನಿಂದ ತೆಗೆದುಕೊಂಡು ಹೋಗಿದ್ದರೆ ತಡೆಯಲು ಏನೂ ಉಳಿದಿರುವುದಿಲ್ಲ. ಆದ್ದರಿಂದಲೇ ಇಂಥ ಸಂದರ್ಭದಲ್ಲಿ ಮೊದಲ ಒಂದೆರಡು ಗಂಟೆಗಳಿಗೆ ಅಷ್ಟು ಬೆಲೆ. ತಡವಾಗಿದ್ದರೂ ದೂರು ಕೊಡದೆ ಇರಬೇಡಿ. ಎರಡೂ ವ್ಯವಹಾರಗಳ 12 ಅಂಕಿಯ ಯುಪಿಐ ಸಂಖ್ಯೆ, ಬ್ಯಾಂಕ್ ಸ್ಟೇಟ್‌ಮೆಂಟ್, ವಾಟ್ಸ್ಆ್ಯಪ್ ಮಾತುಕತೆ, ಕರೆ ಬಂದ ನಂಬರು ಇವುಗಳನ್ನು ಅಳಿಸದೆ ತೆಗೆದುಕೊಂಡು ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ತಡೆಹಿಡಿದ ಹಣವಿದ್ದರೆ ಅದನ್ನು ನ್ಯಾಯಾಲಯದ ಆದೇಶದ ಮೂಲಕ ಬಿಡಿಸಿಕೊಳ್ಳಬಹುದು.

ಬ್ಯಾಂಕಿನ ಮಾತು ಕಹಿಯಾದರೂ ನಿಯಮಕ್ಕೆ ಹೊರತಾದುದಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ನಿಮ್ಮ ತಪ್ಪಿಲ್ಲದೆ ಬೇರೆಲ್ಲೋ ಆದ ಲೋಪದಿಂದ ಹಣ ಹೋಗಿ, ನೀವು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ. ಪಿನ್ನು ನಿಮ್ಮ ಕಡೆಯಿಂದಲೇ ಬಳಕೆಯಾಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. ಆದ್ದರಿಂದ ಬ್ಯಾಂಕಿಗೆ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗದೆ, ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.

ಯುಪಿಐಯಲ್ಲಿ ಹಣ ಕೊಡುವವರಿಗೆ ಮಾತ್ರ ಪಿನ್ ಬೇಕು. ಪಡೆಯುವವರಿಗೆ ಎಂದಿಗೂ ಬೇಕಿಲ್ಲ. ಒಬ್ಬ ವ್ಯಕ್ತಿ ಮತ್ತೊಬ್ಬ ವ್ಯಕ್ತಿಗೆ ಆ್ಯಪಿನಲ್ಲಿ ಹಣದ ಬೇಡಿಕೆ ಕಳಿಸುವ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ, ಆದರೆ ಕ್ಯೂಆರ್ ಕೋಡಿನ ದಾರಿ ತೆರೆದೇ ಇದೆ. ಗಲ್ಲಾಪೆಟ್ಟಿಗೆಯ ಬಳಿ ಕೂರುವ ಫೋನಿನಲ್ಲಿ ಪಿನ್ ಹಾಕಬಹುದಾದ ಖಾತೆಯೇ ಇರದಂತೆ ನೋಡಿಕೊಳ್ಳಿ. ಅಂಗಡಿಯ ಕೋಡಿಗೆ ಬರುವ ಹಣಕ್ಕೆಂದೇ ಒಂದು ಖಾತೆ ಇರಲಿ; ರಾತ್ರಿ ಬಾಗಿಲು ಹಾಕುವಾಗ ನೀವು ನಿಮ್ಮ ಫೋನಿನಿಂದ ಅದನ್ನು ಬೇರೆ ಖಾತೆಗೆ ವರ್ಗಾಯಿಸಿ. ಬೆಳಿಗ್ಗೆ ಬಾಗಿಲು ತೆರೆದಾಗ ನಿಮ್ಮ ಕೋಡಿನ ಮೇಲೆ ಯಾರಾದರೂ ಬೇರೆ ಕೋಡ್ ಅಂಟಿಸಿದ್ದಾರೆಯೇ ಎಂದು ಒಮ್ಮೆ ನೋಡಿ. ಗಿರಾಕಿ ತೋರಿಸುವ ಸ್ಕ್ರೀನ್‌ಶಾಟನ್ನು ಹಣವೆಂದು ಎಣಿಸಬೇಡಿ.

ಇದಕ್ಕಿಂತ ದೊಡ್ಡ ಕಾವಲು ನಿಮ್ಮ ಕಸುಬಿನ ತಿಳಿವಳಿಕೆಯಲ್ಲೇ ಇದೆ. ಬೆಳ್ಳಿ ತಂತಿ ಕೂರಿಸಿದ ತಾರಕಶಿ ಕೆಲಸವೋ ಬೆಳ್ಳಿ ತಗಡು ಕೂರಿಸಿದ ತೆಹನಿಶಾನೋ ಎಂದು ಕೇಳದೆ, ಎತ್ತರ ವಿಚಾರಿಸದೆ, ಒಂದು ರೂಪಾಯಿಯನ್ನೂ ಕಡಿಮೆ ಮಾಡಿ ಎನ್ನದೆ ಇಪ್ಪತ್ತು ಹೂದಾನಿ ಕೊಳ್ಳುವ ಗಿರಾಕಿ ಎಲ್ಲಿದ್ದಾನೆ? ವಾಯುಪಡೆಯ ಕೇಂದ್ರ ನಿಮ್ಮ ಊರಲ್ಲೇ ಇರುವಾಗ, ಅಂಗಡಿಗೆ ಬಂದು ಸಾಮಾನು ನೋಡಿ ಹೋಗಿ ಎಂಬ ಒಂದೇ ಮಾತಿಗೆ ಆ ವೇಷ ಕಳಚುತ್ತಿತ್ತು. ಮಗನಿಗೆ ಇದನ್ನೇ ಹೇಳಿಕೊಡಿ, ಬೈಯಬೇಡಿ. ಹೆದರಿದ ಹುಡುಗ ಮುಂದಿನ ಸಲ ತಪ್ಪಾದರೆ ಮುಚ್ಚಿಡುತ್ತಾನೆ. ಆ ಮುಚ್ಚಿಟ್ಟ ಒಂದು ಗಂಟೆಯಲ್ಲೇ ಹಣ ಕೈತಪ್ಪಿಹೋಗುತ್ತದೆ.

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದು ಚಿಕ್ಕ ತೊಗರಿ ದಾಲ್ ಮಿಲ್. ಯಂತ್ರದ ಬಿಡಿಭಾಗ ಕೊಡುವವರ ಮೇಲ್‌ನಿಂದ, ಖಾತೆ ಬದಲಾಗಿದೆ, ಬಾಕಿಯನ್ನು ಹೊಸ ಖಾತೆಗೆ ಹಾಕಿ ಎಂಬ ಪತ್ರ ಬಂತು. ಅನುಮಾನ ಬಂದು ಫೋನ್ ಮಾಡಿದರೆ, ತಾವು ಕಳಿಸಿಲ್ಲ ಎಂದರು. ವಿಳಾಸ ಮಾತ್ರ ಅವರದೇ. ಇದು ಹೇಗೆ ಸಾಧ್ಯ?
— ಓದುಗರು, ಕಲಬುರಗಿ

ಉತ್ತರ: ಫೋನ್ ಮಾಡಿದ್ದು ನಿಮ್ಮನ್ನು ಉಳಿಸಿತು. ವಿಳಾಸದ ಒಂದೊಂದು ಅಕ್ಷರವೂ ಸರಿಯಾಗಿದ್ದರೆ ಅವರ ಮೇಲ್ ಪೆಟ್ಟಿಗೆಗೇ ಕಳ್ಳರು ನುಗ್ಗಿರುವ ಸಾಧ್ಯತೆ ಹೆಚ್ಚು. ಅಂಥವರು ಹಲವು ದಿನ ಸದ್ದಿಲ್ಲದೆ ಪತ್ರಗಳನ್ನು ಓದುತ್ತ, ಯಾರಿಗೆ ಎಷ್ಟು ಬಾಕಿ, ಯಾವಾಗ ಸಂದಾಯ ಎಂಬುದನ್ನು ತಿಳಿದುಕೊಂಡು ಸಮಯ ನೋಡಿ ಬರೆಯುತ್ತಾರೆ. ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ದೃಢೀಕರಣ ಹಾಕಿಕೊಳ್ಳಲು ಅವರಿಗೆ ತಿಳಿಸಿ. ಬರುವ ಮೇಲ್‌ಗಳು ತಾವಾಗಿಯೇ ಬೇರೆ ವಿಳಾಸಕ್ಕೆ ಹೋಗುವಂತೆ ಕಳ್ಳರು ಏರ್ಪಾಟು ಮಾಡಿದ್ದಾರೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಲೇಬೇಕು, ಏಕೆಂದರೆ ಪಾಸ್‌ವರ್ಡ್ ಬದಲಾದರೂ ಅದು ಉಳಿದಿರುತ್ತದೆ. ನಿಮ್ಮ ಮೇಲ್‌ಗೂ ಇದೇ ಪರೀಕ್ಷೆ ಮಾಡಿ.

ಖಾತೆ ಬದಲಾಗಿದೆಯೆಂಬ ಸುದ್ದಿ ಬಂದಾಗ, ಆ ಪತ್ರದಲ್ಲಿರುವ ನಂಬರಿಗಲ್ಲ, ಮೊದಲಿನಿಂದ ನಿಮ್ಮ ಬಳಿ ಇರುವ ನಂಬರಿಗೇ ಕರೆ ಮಾಡಿ. ಆರ್‌ಟಿಜಿಎಸ್ ಮತ್ತು ನೆಫ್ಟ್ ಮೂಲಕ ಹಣ ಕಳಿಸುವ ಮುನ್ನ ಪಡೆಯುವವರ ಖಾತೆಯ ಹೆಸರನ್ನು ತೋರಿಸುವ ವ್ಯವಸ್ಥೆಯನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತ್ತು. ಆ ಹೆಸರು ಬಿಲ್ಲಿನ ಹೆಸರಿಗೆ ಹೊಂದದಿದ್ದರೆ ಅಲ್ಲಿಗೇ ನಿಲ್ಲಿಸಿ. ಲೆಕ್ಕ ಬರೆಯುವ ಕಂಪ್ಯೂಟರಿಗೆ ದೂರದಿಂದ ಕೈಹಾಕಲು ಬಿಡುವ ಆ್ಯಪ್‌ಗಳನ್ನು ಕೆಲಸ ಮುಗಿದೊಡನೆ ತೆಗೆದುಹಾಕಿ, ವಾರಕ್ಕೊಮ್ಮೆ ಲೆಕ್ಕದ ಪ್ರತಿಯನ್ನು ಬೇರೊಂದು ಡಿಸ್ಕಿಗೆ ಇಳಿಸಿ, ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ ಬೀರುವಿನಲ್ಲಿಡಿ.