ಆಸ್ಗೇರ್ ಕೇಳಿ, ಆದರೆ ಇಂಗ್ಲಿಷಿನಲ್ಲಿ ಬೇಡ

ಬ್ಯೋರ್ಕ್ ಬಿಟ್ಟು, ಹಳೇ ಜನಪದವನ್ನೂ ಇವತ್ತಿನ ಸಂಗೀತವನ್ನೂ ಬೆರೆಸಿ ಹಾಡುವ ಐಸ್‌ಲ್ಯಾಂಡಿನವರು ಯಾರಿದ್ದಾರೆ ಅಂತ ಕೇಳಿದ್ದೀರಿ. ನಾನಾದರೆ ಆಸ್ಗೇರ್ ಹೆಸರು ಹೇಳುತ್ತೇನೆ. ಲಾಯ್ಗರ್‌ಬಕ್ಕಿ ಅನ್ನೋ ಪುಟ್ಟ ಹಳ್ಳಿಯ ಹುಡುಗ. 2012ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಮೊದಲ ಆಲ್ಬಂ ತಂದ: ‘ಡೀರ್ದ್ ಈ ಡೊಯ್ದಾಥೊಗ್ನ್’. ಹೆಸರು ನೋಡಿ ಹೆದರಬೇಡಿ, ‘ಸ್ಮಶಾನ ಮೌನದಲ್ಲಿ ವೈಭವ’ ಅಂತ ಹೆಚ್ಚುಕಮ್ಮಿ ಅರ್ಥ. ಆಗ ಆ ದೇಶದಲ್ಲಿದ್ದದ್ದೇ ಸುಮಾರು 3.2 ಲಕ್ಷ ಜನ, ಅವರಲ್ಲಿ ಹತ್ತರಲ್ಲಿ ಒಬ್ಬರ ಹತ್ತಿರ ಈ ಆಲ್ಬಂ ಇತ್ತು ಅನ್ನುತ್ತಾರೆ.

ಮೊದಲ ಸಲ ಕೇಳಿದಾಗ, ಇದರಲ್ಲಿ ಜನಪದ ಎಲ್ಲಿದೆ ಸ್ವಾಮಿ, ಅನ್ನಿಸಿತ್ತು. ಗಿಟಾರ್, ಕೀಬೋರ್ಡ್, ಎಲೆಕ್ಟ್ರಾನಿಕ್ ಬೀಟು, ಮೇಲೆ ತೆಳ್ಳಗಿನ ಫಾಲ್ಸೆಟೊ ದನಿ, ಅಂದರೆ ಗಂಡಸು ತನ್ನ ಸಹಜ ದನಿಗಿಂತ ಎತ್ತರಕ್ಕೆ ಏರಿಸಿ ಹಾಡುವುದು. ಆಮೇಲೆ ಗೊತ್ತಾಯಿತು, ನಾನು ತಪ್ಪು ಜಾಗದಲ್ಲಿ ಹುಡುಕ್ತಾ ಇದ್ದೆ. ಜನಪದ ಇರುವುದು ಮಾತಿನಲ್ಲಿ. ಹೆಚ್ಚಿನ ಹಾಡುಗಳ ಸಾಹಿತ್ಯ ಬರೆದದ್ದು ಅವನ ಅಪ್ಪ ಐನಾರ್ ಗೆಯೋರ್ಗ್, ಆಗಲೇ ಎಪ್ಪತ್ತು ದಾಟಿದ್ದ ಕವಿ. ಆ ಸಾಹಿತ್ಯದಲ್ಲಿ ಐಸ್‌ಲ್ಯಾಂಡಿನ ಹಳೇ ಪದ್ಯದ ಕಟ್ಟು ಕೇಳಿಸುತ್ತದೆ. ಆ ಪದ್ಯದಲ್ಲಿ ಸಾಲುಗಳು ಜೋಡಿ ಜೋಡಿಯಾಗಿ ಬರುತ್ತವೆ. ಮೊದಲ ಸಾಲಿನಲ್ಲಿ ಒತ್ತಿ ಹೇಳುವ ಎರಡು ಪದ ಒಂದೇ ಸದ್ದಿನಿಂದ ಶುರುವಾಗಬೇಕು, ಎರಡನೇ ಸಾಲಿನ ಮೊದಲ ಒತ್ತುಪದವೂ ಅದೇ ಸದ್ದು ಹಿಡಿಯಬೇಕು. ನಮ್ಮ ಆದಿಪ್ರಾಸದಲ್ಲಿ ಎರಡನೇ ಅಕ್ಷರ ಕೂಡುತ್ತದಲ್ವಾ, ಅವರಿಗೆ ಮೊದಲನೆಯದೇ ಮುಖ್ಯ. ಚಳಿಗಾಲದ ರಾತ್ರಿ ಮನೆಮಂದಿಯೆಲ್ಲ ಉಣ್ಣೆ ಕೆಲಸ ಮಾಡ್ತಾ ಕೂತಾಗ ಒಬ್ಬರು ‘ರೀಮುರ್’ ಅನ್ನೋ ಉದ್ದುದ್ದ ಕಥನಪದ್ಯ ಹಾಡಿ ಹೇಳುತ್ತಿದ್ದರು, ಅದೂ ಇದೇ ಕಟ್ಟಿನದು. ಆಲ್ಬಂ ಹೆಸರನ್ನೇ ಜೋರಾಗಿ ಹೇಳಿ ನೋಡಿ, ಎರಡು ಡಕಾರ ಬಡಿಯುತ್ತವೆ.

ಆಮೇಲೆ ಇದರ ಇಂಗ್ಲಿಷ್ ರೂಪವೂ ಬಂತು, ‘ಇನ್ ದ ಸೈಲೆನ್ಸ್’. ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲೇ ನೆಲೆಸಿದ ಅಮೆರಿಕದ ಗಾಯಕ ಜಾನ್ ಗ್ರಾಂಟ್ ಅನುವಾದಿಸಿದ್ದು. ಕೆಟ್ಟದಾಗೇನೂ ಇಲ್ಲ, ರಾಗ ಅದೇ, ದನಿ ಅದೇ. ಆದರೆ ಆ ಬಡಿತ ಹೋಗಿಬಿಟ್ಟಿದೆ. ‘ಲೇಂದರ್‌ಮೌಲ್’ ಅಂತ ಒಂದು ಹಾಡಿದೆ, ಅಂದರೆ ಗುಟ್ಟು, ಅದು ಇಂಗ್ಲಿಷಿಗೆ ಬರುವಾಗ ‘ಕಿಂಗ್ ಆ್ಯಂಡ್ ಕ್ರಾಸ್’ ಆಗಿದೆ! ಅರ್ಥ ಆಗಲ್ಲ ಅಂತ ಸುಮ್ನೆ ಇಂಗ್ಲಿಷಿನಿಂದ ಶುರು ಮಾಡಬೇಡಿ, ನಾನು ಅದೇ ತಪ್ಪು ಮಾಡಿ ‘ಇನ್ನೊಬ್ಬ ಗಿಟಾರ್ ಹುಡುಗ’ ಅಂತ ಒಂದು ವರ್ಷ ಬದಿಗಿಟ್ಟಿದ್ದೆ.

ಇಷ್ಟವಾದರೆ 2020ರ ಆಲ್ಬಂ ಕೂಡ ಎರಡು ಭಾಷೆಯಲ್ಲಿದೆ. ಐಸ್‌ಲ್ಯಾಂಡಿಕ್‌ನಲ್ಲಿ ‘ಸೌಟ್’, ಇಂಗ್ಲಿಷಿನಲ್ಲಿ ‘ಬರಿ ದ ಮೂನ್’. ಒಂದೇ ಹಾಡನ್ನು ಒಂದರ ಹಿಂದೆ ಒಂದು ಹಾಕಿ ಕೇಳಿ, ಇಯರ್‌ಫೋನ್ ಇದ್ದರೆ ಇನ್ನೂ ಒಳ್ಳೆಯದು.